ಸಮುದ್ರದ ಪಕ್ಕ ನಿಂತವಳಿಗೆ ಏನಾಗಿದೆ?

ಕಣ್ಣಾಸ್ಪತ್ರೆಯ ಎರಡನೇ ಮಹಡಿಯಲ್ಲಿ ಮೆಟ್ಟಿಲು ಹತ್ತಿ ಬಲಕ್ಕೆ ತಿರುಗಿದರೆ ಮೊದಲು ಸಿಗುವುದೇ ಪಟ್ಟಿ ಬಿಚ್ಚುವ ಕೋಣೆ. ಕಣ್ಣಿನ ಪೊರೆ ತೆಗೆಸಿಕೊಂಡವರು ಮರುದಿನ ಬೆಳಗ್ಗೆ ಅಲ್ಲಿಗೆ ಬಂದು ಬೆಂಚಿನ ಮೇಲೆ ಸಾಲಾಗಿ ಕೂರುತ್ತಾರೆ. ಒಬ್ಬೊಬ್ಬರನ್ನೇ ಕರೆದು, ಎತ್ತರದ ಕುರ್ಚಿಯಲ್ಲಿ ಕೂರಿಸಿ, ಕಣ್ಣಿನ ಮೇಲಿನ ಪಟ್ಟಿ ಬಿಚ್ಚುವ ಕೆಲಸ ಇಪ್ಪತ್ತು ವರ್ಷಕ್ಕೂ ಮೇಲಿನಿಂದ ಒಬ್ಬಳದೇ. ಹೆತ್ತವರು ಇಟ್ಟ ಹೆಸರು ಅವಳಿಗೆ ಇಲ್ಲದೆ ಏನಿಲ್ಲ. ಆದರೆ ದೊಡ್ಡ ಡಾಕ್ಟರಮ್ಮನಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರ ಬಾಯಲ್ಲೂ ಅವಳು ಪಟ್ಟಿ ಸಿಸ್ಟರ್. ಅಂಟುಪಟ್ಟಿ ಎಳೆಯುವಾಗ ಒಂದು ರೆಪ್ಪೆಗೂದಲೂ ಕಿತ್ತುಬರದಂಥ ಕೈ. ಬಾಯಿ ಮಾತ್ರ ಅಷ್ಟು ಮೆತ್ತಗಲ್ಲ.

ಇಂಥವಳ ಕಣ್ಣೇ ಹೋಗುತ್ತಿತ್ತು ನೋಡಿ. ಅದೂ ಹಾಡಹಗಲಲ್ಲಿ, ಕಣ್ಣಾಸ್ಪತ್ರೆಯ ನಟ್ಟನಡುವೆ, ಸುತ್ತ ಹತ್ತು ಜನ ಕಣ್ಣಿನ ಡಾಕ್ಟರು ಓಡಾಡುತ್ತಿರುವಾಗ. ಅವಳಿಗೂ ಗೊತ್ತಿರಲಿಲ್ಲ, ಬೇರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದ ದಿನ ಆಸ್ಪತ್ರೆಗೆ ಆಸ್ಪತ್ರೆಯೇ ಬೆಚ್ಚಿಬಿತ್ತು. ಗೊತ್ತಾದದ್ದು ಯಾವ ಯಂತ್ರದಿಂದಲೂ ಅಲ್ಲ, ಗೋಡೆಯ ಮೇಲಿದ್ದ ಒಂದು ಚಿತ್ರದಿಂದ.

ಆ ಕೋಣೆಯ ಪದ್ಧತಿಯೇ ಹಾಗೆ. ಪಟ್ಟಿ ಬಿಚ್ಚಿದ ತಕ್ಷಣ ಅಕ್ಷರದ ಬೋರ್ಡು ತೋರಿಸುವುದಿಲ್ಲ. ಅಕ್ಷರ ಕಂಡರೆ ಜನ ಪರೀಕ್ಷೆಗೆ ಕೂತವರ ಹಾಗೆ ಬೆವರುತ್ತಾರೆ. ಓದು ಬಾರದವರಂತೂ ಕಣ್ಣೇ ಬಿಡುವುದಿಲ್ಲ. ಅದಕ್ಕೆ ಎದುರು ಗೋಡೆಯಲ್ಲಿ ಒಂದು ದೊಡ್ಡ ಬಣ್ಣದ ಚಿತ್ರ ತೂಗುಹಾಕಿದ್ದಾರೆ. ಯಾರೋ ಒಬ್ಬ ರೋಗಿ, ಕಣ್ಣು ಬಂದ ಖುಷಿಗೆ, ಮನೆಯಲ್ಲಿದ್ದುದನ್ನು ತಂದುಕೊಟ್ಟದ್ದು. ಸಮುದ್ರದ ದಂಡೆಗೆ ಕಟ್ಟಿದ ಮೋಟು ಕಲ್ಲುಗೋಡೆ, ಗೋಡೆಯ ಉದ್ದಕ್ಕೂ ಕಾಲುದಾರಿ, ದಾರಿಯಲ್ಲಿ ನೀಲಿ ಬಟ್ಟೆಯ ಒಬ್ಬ ಹೆಂಗಸು. ಹೆಗಲ ಮೇಲೆ ಬಿಳಿ ಶಾಲು. ಒಂದು ಕೈ ಗೋಡೆಯ ಮೇಲಿದೆ, ಮುಖ ಸ್ವಲ್ಪ ಮೇಲಕ್ಕೆತ್ತಿದೆ, ಕಾಲ ಬಳಿ ದೋಣಿಯ ಹಗ್ಗದ ಸುರುಳಿ ಬಿದ್ದಿದೆ. ಹಿಂದೆ ಬೂದು ಬಣ್ಣದ ಸಮುದ್ರ.

"ಏನು ಕಾಣ್ತಿದೆ ಹೇಳಿ" ಎಂದು ಪಟ್ಟಿ ಸಿಸ್ಟರ್ ಕೇಳುತ್ತಾಳೆ. ಹೆಂಗಸು, ಶಾಲು, ಹಗ್ಗ ಮೂರೂ ಕಂಡರೆ ಆಪರೇಷನ್ ಚೆನ್ನಾಗಿ ಆಗಿದೆ ಎಂದು ಲೆಕ್ಕ. ಆದರೆ ಕಣ್ಣು ಬಂದ ಮನುಷ್ಯ ಅಷ್ಟಕ್ಕೆ ಸುಮ್ಮನಿರುತ್ತಾನೆಯೇ? "ಯಾರು ಇವಳು? ಯಾಕೆ ನಿಂತಿದ್ದಾಳೆ? ಇವಳಿಗೆ ಏನಾಗಿದೆ?" ಎಂದು ಶುರು. ದೋಣಿಯಲ್ಲಿ ಹೋದ ಗಂಡನಿಗಾಗಿ ಕಾಯುತ್ತಿದ್ದಾಳೆ ಎನ್ನುವವರು ದಿನಕ್ಕೆ ನಾಲ್ವರಾದರೂ ಇರುತ್ತಾರೆ. ಒಬ್ಬ ರಿಟೈರ್ಡ್ ಪೊಲೀಸಪ್ಪ ಒಂದೇ ಕಣ್ಣಿನಲ್ಲಿ ಅವಳನ್ನು ದುರುಗುಟ್ಟಿ ನೋಡಿ, "ಯಾರನ್ನೋ ನೀರಿಗೆ ತಳ್ಳಿ, ಏನೂ ಗೊತ್ತಿಲ್ಲದವಳ ಹಾಗೆ ನಿಂತಿದ್ದಾಳೆ, ನನ್ನ ಕೇಳಿ" ಎಂದಿದ್ದ. ಹೋಟೆಲಿನ ಅಡುಗೆಯವಳೊಬ್ಬಳು, "ಅಯ್ಯೋ, ಒಲೆ ಮೇಲೆ ಹಾಲಿಟ್ಟು ಬಂದಿದ್ದು ಈಗ ನೆನಪಾಗಿದೆ ಪಾಪ" ಎಂದು ಹಲುಬಿದ್ದಳು. ಮೂರು ಹೆಣ್ಣುಮಕ್ಕಳ ಅಪ್ಪ, ಹೆಂಡತಿ ಸತ್ತ ಮೇಷ್ಟರು, ಏನೂ ಹೇಳದೆ ಅತ್ತು, ಹೊಸ ಕಣ್ಣಿಗೆ ನೀರು ತಾಗಿಸಿಕೊಂಡದ್ದಕ್ಕೆ ಬೈಸಿಕೊಂಡು ಹೋಗಿದ್ದರು.

ಇದನ್ನೆಲ್ಲ ಕೇಳಿ ಕೇಳಿ ಪಟ್ಟಿ ಸಿಸ್ಟರಿಗೆ ಒಂದು ಜಂಬ ಬಂದುಬಿಟ್ಟಿತ್ತು. "ಚಿತ್ರದಲ್ಲಿ ಏನು ಕಂಡ್ರು ಅಂತ ಹೇಳಿ, ಅವರ ಮನೆ ಕಥೆ ನಾನು ಹೇಳ್ತೀನಿ" ಎಂದು ಊಟದ ಹೊತ್ತಿನಲ್ಲಿ ಉಳಿದ ನರ್ಸುಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದಳು. ಹಾಗಾದರೆ ನಿಮಗೆ ಏನು ಕಾಣುತ್ತೆ ಎಂದು ಯಾರಾದರೂ ತಿರುಗಿ ಕೇಳಿದರೆ, "ನನಗಾ? ಗಾಳಿಗೆ ನಿಂತಿದ್ದಾಳೆ ಅಷ್ಟೇ. ಪಾಪ, ಅವಳ ಪಾಡಿಗೆ ಅವಳನ್ನ ಬಿಡ್ರೇ" ಎನ್ನುತ್ತಿದ್ದಳು.

ಈಚೆಗೆ ಎರಡು ಮೂರು ವರ್ಷಗಳಿಂದ ಅವಳು ಹೋದಲ್ಲೆಲ್ಲ ಒಂದು ಸದ್ದು. ಟ್ರೇ ಬೀಳುವುದು, ಸ್ಟೂಲು ಉರುಳುವುದು, ಗಾಲಿಕುರ್ಚಿಗೆ ಮೊಣಕಾಲು ಬಡಿಯುವುದು. ಬಿದ್ದದ್ದಕ್ಕಿಂತ ಜೋರಾಗಿ ಅವಳ ಬಾಯಿ: "ಯಾರು ಇಲ್ಲಿ ಸ್ಟೂಲ್ ಇಟ್ಟಿದ್ದು? ತಲೆ ಇದೆಯಾ ನಿಮಗೆ?" ಸ್ಟೂಲು ಇದ್ದಲ್ಲೇ ಇರುತ್ತಿತ್ತು, ಆದರೆ ಪಟ್ಟಿ ಸಿಸ್ಟರ್ ಜೊತೆ ವಾದಕ್ಕಿಳಿಯುವ ಗಂಡೆದೆ ಯಾರಿಗಿದೆ? "ಸಿಸ್ಟರ್ ಬಂದ್ರು, ದಾರಿ ಬಿಡಿ" ಎಂದು ನಕ್ಕು ಪಕ್ಕಕ್ಕೆ ಸರಿಯುತ್ತಿದ್ದರು. ಮನೆಯಲ್ಲೂ ಅಷ್ಟೇ. ಲೋಟ ಒಡೆದಾಗಲೆಲ್ಲ ಗಂಡ ಒಳಗಿನಿಂದ, "ಏನೇ ಅದು, ಬಿರುಗಾಳಿ ಬಂತಾ?" ಎಂದು ಕೂಗುತ್ತಿದ್ದ. ಆತ ಸಿಟಿ ಬಸ್ಸಿನ ಡ್ರೈವರು, ಮಾತು ಕಮ್ಮಿ, ಅವಳ ಬಾಯಿಗೆ ಒಂದು ನಗು ಕೊಟ್ಟು ಸುಮ್ಮನಾಗುವ ಆಸಾಮಿ.

ಆಸ್ಪತ್ರೆಯಲ್ಲಿ ಕೆಲಸದವರಿಗೆಲ್ಲ ವರ್ಷಕ್ಕೊಮ್ಮೆ ಪುಕ್ಕಟೆ ಕಣ್ಣು ಪರೀಕ್ಷೆ ಉಂಟು. ಅವಳು ಒಮ್ಮೆಯೂ ಹೋದವಳಲ್ಲ. ಬೋರ್ಡಿನ ಕೊನೆಯ ಸಾಲಿನ ಅಕ್ಷರವನ್ನೂ ಪಟಪಟನೆ ಓದುತ್ತಿದ್ದಳು, ಸೂಜಿಗೆ ದಾರ ಪೋಣಿಸುತ್ತಿದ್ದಳು. "ನನಗೆ ಯಾವ ರೋಗ ಬಂದಿದೆ? ನನ್ನ ಬದಲು ಇನ್ನಾರನ್ನಾದ್ರೂ ಕೂರಿಸಿ" ಎಂದು ತನ್ನ ಸರದಿ ಬಿಟ್ಟುಕೊಡುತ್ತಿದ್ದಳು.

ಅವಳಿಗೊಬ್ಬಳು ಅಕ್ಕ. ಊರಿನ ಇನ್ನೊಂದು ಮೂಲೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಒಬ್ಬಳೇ ಬದುಕುವವಳು. ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷ ಮಂಜಿನಲ್ಲೇ ತಡವರಿಸಿದಳೇ ಹೊರತು ಆಪರೇಷನ್ ಎಂದರೆ ಮಾರುದೂರ ಓಡುತ್ತಿದ್ದಳು. ತಂಗಿ ಬೈದಳು, ಅತ್ತಳು, ಮಾತು ಬಿಟ್ಟಳು. ಕೊನೆಗೆ ಗಿರಾಕಿಯೊಬ್ಬಳ ಅಂಗಿಗೆ ಎರಡೂ ತೋಳನ್ನು ತಲೆಕೆಳಗಾಗಿ ಹೊಲಿದುಕೊಟ್ಟ ಮೇಲೆ ಅಕ್ಕನೇ, "ಆಯ್ತು ಮಾರಾಯ್ತಿ, ಕೊಯ್ಸಿಬಿಡು" ಎಂದು ಒಪ್ಪಿದಳು. ಮೊದಲು ಬಲಗಣ್ಣು. ಆಪರೇಷನ್ ಮಾಡಿದ್ದು ದೊಡ್ಡ ಡಾಕ್ಟರಮ್ಮನೇ.

ಮರುದಿನ ಬೆಳಗ್ಗೆ ಅಕ್ಕನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ ಪಟ್ಟಿ ಸಿಸ್ಟರ್ ಹೊರಗೆ ಹೋಗಿ ಹತ್ತಿ ತಂದಳು. ಅಂಟುಪಟ್ಟಿ ಬಿಡಿಸಿ, ಮುಚ್ಚಳ ತೆಗೆದು, ಕಣ್ಣಂಚನ್ನು ಎಂದಿಗಿಂತ ಎರಡು ಸಲ ಹೆಚ್ಚಾಗಿಯೇ ಒರೆಸಿದಳು. ಎಷ್ಟೇ ಆದರೂ ಒಡಹುಟ್ಟಿದವಳು.

"ಮೆಲ್ಲಗೆ ಬಿಡಕ್ಕಾ. ಏನು ಕಾಣ್ತಿದೆ?"

ಅಕ್ಕ ಮೊದಲು ತನ್ನ ಕೈಯನ್ನೇ ನೋಡಿಕೊಂಡಳು. "ಅಯ್ಯಯ್ಯೋ, ಇಷ್ಟು ಸುಕ್ಕಾಗಿದೆಯೇನೆ!" ಎಂದು ಕಿರುಚಿದಳು. ಬೆಂಚಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಆಮೇಲೆ ತಂಗಿಯ ಮುಖ ನೋಡಿ, "ನಿನಗೂ ವಯಸ್ಸಾಯ್ತಲ್ಲೇ" ಎಂದು ಕೆನ್ನೆ ಸವರಿದಳು. ಆಮೇಲೆ ಚಿತ್ರ.

ನೋಡಿದಳು, ನೋಡಿದಳು, ನೋಡುತ್ತಲೇ ಇದ್ದಳು. ಪಟ್ಟಿ ಸಿಸ್ಟರಿಗೆ ತಾಳ್ಮೆ ಎಲ್ಲಿಯದು? ಬಾಗಿಲ ತನಕ ಹೋಗಿ ಮುಂದಿನವರನ್ನು ಕೂಗಿ ಬಂದಳು. "ಹೆಂಗಸು ಕಾಣ್ತಿದ್ದಾಳಾ? ಶಾಲು? ಹಗ್ಗ? ಹೇಳು ಬೇಗ, ನಿನ್ನ ಹಿಂದೆ ಇನ್ನೂ ಏಳು ಜನ ಇದ್ದಾರೆ."

"ಎಲ್ಲ ಕಾಣ್ತಿದೆ" ಎಂದಳು ಅಕ್ಕ. "ಅವಳಿಗೇ ಏನೂ ಕಾಣ್ತಿಲ್ಲ."

"ಯಾರಿಗೆ?"

"ಅವಳಿಗೆ ಕಣೇ. ಆ ಹೆಂಗಸಿಗೆ. ಕಣ್ಣು ಕಾಣಲ್ಲ ಅವಳಿಗೆ."

ಬೆಂಚಿನವರು ನಗು ನಿಲ್ಲಿಸಿ ಚಿತ್ರದ ಕಡೆ ತಿರುಗಿದರು. ಪಟ್ಟಿ ಸಿಸ್ಟರ್ ಪಕಪಕನೆ ನಕ್ಕಳು. ಇಷ್ಟು ವರ್ಷದಲ್ಲಿ ಸಾವಿರಾರು ಜನ ಸಾವಿರಾರು ಕಥೆ ಕಟ್ಟಿದ್ದರು. ಇದನ್ನು ಯಾರೂ ಹೇಳಿರಲಿಲ್ಲ. "ಎರಡು ವರ್ಷ ಕಣ್ಣು ಕಾಣದೆ ಇದ್ದೆಯಲ್ಲ, ನಿನಗೀಗ ಎಲ್ಲರೂ ಕುರುಡರ ಹಾಗೇ ಕಾಣ್ತಾರೆ" ಎಂದು ಛೇಡಿಸಿದಳು.

"ನಗಬೇಡ. ಸರಿಯಾಗಿ ನೋಡು" ಎಂದಳು ಅಕ್ಕ. ಅವಳ ದನಿ ನಗೆಯದಾಗಿರಲಿಲ್ಲ. "ಗೋಡೆ ಮೇಲೆ ಕೈ ಊರಿದಾಳಾ ಅವಳು? ಇಲ್ಲ. ಬೆರಳಿನ ಹಿಂಭಾಗ ತಾಗಿಸಿದ್ದಾಳೆ ಅಷ್ಟೇ. ಗೋಡೆ ಸವರ್ಕೊಂಡು ನಡೀತಿದ್ದಾಳೆ. ನಿಂತಿಲ್ಲ ಅವಳು, ನಡೀತಿದ್ದಾಳೆ. ಮುಂದಿನ ಹೆಜ್ಜೆ ಸೀದಾ ಹಗ್ಗದ ಮೇಲೆ. ಕಣ್ಣು ಕಾಣೋರು ಯಾರಾದ್ರೂ ಹಂಗೆ ಹಗ್ಗದ ಮೇಲೆ ಕಾಲಿಡ್ತಾರಾ? ನನಗೆ ಗೊತ್ತು ಕಣೇ. ಎರಡು ವರ್ಷ ನಮ್ಮನೆ ಗೋಡೆ ಹಿಡ್ಕೊಂಡು ನಾನೂ ಹಿಂಗೇ ಓಡಾಡಿದ್ದೀನಿ."

ಪಟ್ಟಿ ಸಿಸ್ಟರ್ ಚಿತ್ರ ನೋಡಿದಳು. ಹೌದಲ್ಲ! ಎತ್ತಿದ ಹಿಮ್ಮಡಿ, ಗೋಡೆಗೆ ತಾಗಿದ ಬೆರಳ ಹಿಂಭಾಗ, ಎದುರಿಗೇ ಹಗ್ಗ. ದಿನ ಬೆಳಗಾದರೆ ನೋಡುತ್ತಿದ್ದ ಚಿತ್ರ. ಆ ಹೆಂಗಸು ಇನ್ನೇನು ಮುಗ್ಗರಿಸಿ ಬಿದ್ದೇಬಿಡುತ್ತಾಳೆ ಅನ್ನಿಸಿತು.

"ಪಾಪ" ಎಂದಳು ಕೊನೆಗೆ.

"ಅವಳು ಹಾಳಾಗ್ಲಿ" ಎಂದಳು ಅಕ್ಕ, ತಂಗಿಯ ಮಣಿಕಟ್ಟು ಹಿಡಿದುಕೊಂಡು. "ಹತ್ತಿ ತರೋಕೆ ಹೋಗಿ ಬಂದೆಯಲ್ಲ ನೀನು, ಆಗ ಈ ಎಡಗಣ್ಣಿನ ಮಂಜಿನಲ್ಲಿ ನನಗೇನೂ ಕಾಣ್ಲಿಲ್ಲ. ಈಗ ಮತ್ತೆ ಬಾಗಿಲ ತನಕ ಹೋಗಿ ಮುಂದಿನವರನ್ನ ಕೂಗಿ ಬಂದೆ ನೋಡು, ಆಗ ಕಂಡೆ. ಬಾಗಿಲಿಗೆ ಬೆರಳ ಹಿಂಭಾಗ ತಾಗಿಸ್ಕೊಂಡು ಬಂದೆ. ಅಲಮಾರಿಗೆ ತಾಗಿಸ್ಕೊಂಡೆ. ಕುರ್ಚಿಗೆ ತಾಗಿಸ್ಕೊಂಡೆ. ಮುಖ ನೆಟ್ಟಗೆ ಮೇಲಕ್ಕೆ. ಯಾವಾಗಿಂದ ಹೀಗೆ? ನಿನಗೆ ಕಣ್ಣು ಕಾಣ್ತಿಲ್ವಾ?"

ಪಟ್ಟಿ ಸಿಸ್ಟರಿಗೆ ಸಿಟ್ಟು ನೆತ್ತಿಗೇರಿತು. ಹತ್ತು ಜನರ ಮುಂದೆ, ಅವಳದೇ ಕೋಣೆಯಲ್ಲಿ, ಈಗ ತಾನೇ ಕಣ್ಣು ಬಂದವಳು ಅವಳಿಗೆ ಕಣ್ಣು ಕಾಣುವುದಿಲ್ಲ ಎನ್ನುವುದೇ! "ನಿನಗೇನು ತಲೆ ಕೆಟ್ಟಿದೆಯಾ? ಆ ಬೋರ್ಡಿನ ಕೊನೇ ಸಾಲು ಓದ್ಲಾ? ಇಲ್ಲಿಂದಲೇ ಓದ್ತೀನಿ ಕೇಳು" ಎಂದು ಗಟ್ಟಿಯಾಗಿ ಓದಿಯೂ ಬಿಟ್ಟಳು. ಒಂದು ಅಕ್ಷರವೂ ತಪ್ಪಲಿಲ್ಲ. "ಕಂಡಿತಾ? ಈಗ ಏಳು, ಹೋಗಿ ಡಾಕ್ಟರಿಗೆ ಕಣ್ಣು ತೋರಿಸು. ಎಲ್ಲಿದ್ದಾರೋ ಅವರು, ಇವತ್ತು ಇನ್ನೂ ಬಂದಿಲ್ಲ."

ಬೆಂಚಿನವರೆಲ್ಲ ಅವಳ ಮುಖ ಬಿಟ್ಟು ಅವಳ ಪಕ್ಕಕ್ಕೆ ನೋಡುತ್ತಿದ್ದರು.

"ನಾನು ಇಲ್ಲೇ ಇದ್ದೀನಿ ಸಿಸ್ಟರ್" ಎಂದಿತು ಒಂದು ದನಿ, ಮೊಣಕೈಯಳತೆ ದೂರದಿಂದ. "ಆಗಿನಿಂದ ನಿಮ್ಮ ಪಕ್ಕದಲ್ಲೇ ನಿಂತಿದ್ದೀನಿ. ನೀವು ನಗ್ತಿದ್ದಾಗಲೇ ಬಂದೆ."

ಅವಳು ಗಿರ್ರನೆ ತಿರುಗಿದಳು. ದೊಡ್ಡ ಡಾಕ್ಟರಮ್ಮ. ಬಿಳಿ ಕೋಟು, ಕೊರಳಲ್ಲಿ ಕನ್ನಡಕದ ಸರ, ಆರಡಿ ಎತ್ತರದ ಆಳು. ಕಾಣದೆ ಇರುವಂಥ ವ್ಯಕ್ತಿಯೇ ಅಲ್ಲ. ಡಾಕ್ಟರಮ್ಮನ ಮುಖ ಬಿಳಿಚಿಕೊಂಡಿತ್ತು.

"ನಡೀರಿ" ಎಂದರು. "ಫೀಲ್ಡ್ ಟೆಸ್ಟ್ ಮಾಡ್ಸೋಣ."

ಸುತ್ತಲಿನ ನೋಟ ಅಳೆಯುವ ಆ ಯಂತ್ರವನ್ನು ಪಟ್ಟಿ ಸಿಸ್ಟರಿಗೆ ಯಾರೂ ಪರಿಚಯಿಸಬೇಕಾಗಿರಲಿಲ್ಲ. ದೊಡ್ಡ ಬಟ್ಟಲಿನಂಥ ಬಿಳಿ ಗೂಡು, ಅದರೊಳಗೆ ಮುಖ ಇಟ್ಟು, ಗಲ್ಲ ಊರಿ, ನಡುವಿನ ಹಳದಿ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲೆಲ್ಲೋ ಸಣ್ಣ ಬೆಳಕು ಮಿನುಗುತ್ತದೆ. ಕಂಡಾಗಲೆಲ್ಲ ಕೈಯಲ್ಲಿನ ಗುಂಡಿ ಒತ್ತಬೇಕು. ಅಲ್ಲಿ ರಜೆಯವರ ಬದಲಿಗೆ ಕೂತಾಗಲೆಲ್ಲ ಅವಳು ರೋಗಿಗಳಿಗೆ, "ನಿದ್ದೆ ಮಾಡ್ಬೇಡಿ, ಒತ್ತಿ ಒತ್ತಿ" ಎಂದು ಗದರಿದವಳು. ಈಗ ತಾನೇ ಗಲ್ಲ ಊರಿದಳು. ಒಂದು ಕಣ್ಣಿಗೆ ಪಟ್ಟಿ ಕಟ್ಟಿದರು. ದೀಪ ಆರಿಸಿದರು.

ಹಳದಿ ಚುಕ್ಕೆ ನೋಡುತ್ತ ಕಾದಳು. ಚುಕ್ಕೆಯ ಹತ್ತಿರ ಒಂದು ಬೆಳಕು ಬಂತು, ಒತ್ತಿದಳು. ಮತ್ತೊಂದು, ಒತ್ತಿದಳು. ಆಮೇಲೆ ಏನೂ ಇಲ್ಲ. ಯಂತ್ರ ಮಾತ್ರ ಟಿಕ್ ಟಿಕ್ ಎನ್ನುತ್ತಿತ್ತು. ಕಾದಳು. ಕಾದು ಕಾದು ಬೇಸತ್ತು, "ಏನಪ್ಪಾ, ಮೆಷಿನ್ ನಿಂತು ಹೋಯ್ತಾ? ಬೆಳಕೇ ಬರ್ತಿಲ್ಲ" ಎಂದಳು.

ಮೆಷಿನ್ ರೂಮಿನವನು ಡಾಕ್ಟರಮ್ಮನ ಮುಖ ನೋಡಿದ. ಅವಳು ಇನ್ನೊಮ್ಮೆ ಕೇಳಿದಳು.

"ಬರ್ತಾನೇ ಇದೆ ಸಿಸ್ಟರ್" ಎಂದನು ಅವನು. "ಒಂದೇ ಸಮನೆ ಬರ್ತಿದೆ. ನೀವು ಒತ್ತುತ್ತಿಲ್ಲ."

ಆಗ ಅವಳಿಗೆ ಗೊತ್ತಾಯಿತು. ಗಲ್ಲ ಇನ್ನೂ ಯಂತ್ರದ ಮೇಲೇ ಇತ್ತು. ಸುತ್ತ ನೂರು ಬೆಳಕು ಮಿನುಗುತ್ತಿವೆ, ಅವಳಿಗೆ ಒಂದೂ ಇಲ್ಲ. ಕತ್ತಲೆ ಕಂಡಿದ್ದರೆ ಹೆದರಿಯಾದರೂ ಹೆದರುತ್ತಿದ್ದಳು. ಅಲ್ಲಿ ಕತ್ತಲೆಯೂ ಕಾಣುತ್ತಿರಲಿಲ್ಲ. ಎಲ್ಲ ಸರಿಯಾಗಿದೆ ಎನ್ನುವ ಹಾಗೇ ಇತ್ತು.

ಹಾಳೆ ಹೊರಬಂದಾಗ ಡಾಕ್ಟರಮ್ಮ ಅದನ್ನು ಅವಳಿಂದ ಬಚ್ಚಿಡಲಿಲ್ಲ. ಬಚ್ಚಿಟ್ಟು ಪ್ರಯೋಜನವೂ ಇರಲಿಲ್ಲ. ಅಂಥ ಹಾಳೆಗಳನ್ನು ಅವಳು ಎಷ್ಟೋ ಓದಿದ್ದಳು. ನಡುವೆ ಒಂದಿಷ್ಟು ಬಿಳಿ, ಸುತ್ತ ಪೂರಾ ಕಪ್ಪು. ಎರಡೂ ಕಣ್ಣಿಗೆ ಅದೇ. ಗ್ಲಾಕೋಮಾ. ಕಣ್ಣಿನ ಒಳಗಿನ ಒತ್ತಡ ಏರಿ, ನೋವಿಲ್ಲದೆ, ನೀರಿಲ್ಲದೆ, ಸುತ್ತಲಿನ ನೋಟವನ್ನು ಅಂಚಿನಿಂದ ತಿನ್ನುತ್ತ ಬರುವ ಕಾಯಿಲೆ. ನಡುವಿನ ನೋಟ ಕೊನೆಯ ತನಕ ಚೆನ್ನಾಗಿರುವುದರಿಂದ ಬೋರ್ಡು ಓದಲು ಏನೂ ತೊಂದರೆಯಿಲ್ಲ.

"ಇಷ್ಟು ವರ್ಷ" ಎಂದರು ಡಾಕ್ಟರಮ್ಮ. ಅವರಿಗೆ ತಮ್ಮ ಮೇಲೇ ಕೋಪ ಬಂದಿತ್ತು. "ಇಷ್ಟು ವರ್ಷ ನನ್ನ ಕಣ್ಣೆದುರಿಗೇ ಓಡಾಡ್ಕೊಂಡಿದ್ರಿ. ಟ್ರೇ ಬಿದ್ದಾಗ ನಾನೂ ನಕ್ಕಿದ್ದೀನಿ. ನಾನೂ!"

"ವಾಪಸ್ ಬರಲ್ಲ ಅಲ್ವಾ ಮೇಡಂ?" ಎಂದಳು ಪಟ್ಟಿ ಸಿಸ್ಟರ್. ಗೊತ್ತಿದ್ದೂ ಕೇಳಿದಳು.

"ಹೋದದ್ದು ಬರಲ್ಲ. ಇವತ್ತಿನಿಂದಲೇ ಡ್ರಾಪ್ಸ್ ಶುರು ಮಾಡಿದ್ರೆ ಉಳಿದದ್ದನ್ನ ಉಳಿಸ್ಕೋಬಹುದು. ಒಂದು ಹೊತ್ತೂ ತಪ್ಪಿಸಬಾರದು."

ಈ ಮಾತನ್ನು ಇದೇ ಧಾಟಿಯಲ್ಲಿ ಅವಳು ಎಷ್ಟು ಜನರಿಗೆ ಹೇಳಿರಲಿಲ್ಲ! ಹೇಳಿ, ಬೆನ್ನು ತಟ್ಟಿ, ಮುಂದಿನವರನ್ನು ಕರೆಯುತ್ತಿದ್ದಳು. ಕೇಳಿಸಿಕೊಂಡವರು ಆಮೇಲೆ ಮೆಟ್ಟಿಲಲ್ಲಿ ಯಾಕೆ ಕೂತುಬಿಡುತ್ತಿದ್ದರು ಎಂಬುದು ಇವತ್ತು ಅರ್ಥವಾಯಿತು. ಅವಳೂ ಹೋಗಿ ಅಲ್ಲೇ ಕೂತಳು. ಅಕ್ಕ ಪಕ್ಕಕ್ಕೆ ಬಂದು, ಹೊಸ ಕಣ್ಣಿಗೆ ನೀರು ತಾಗಬಾರದೆಂದು ಮುಖ ಮೇಲೆತ್ತಿಕೊಂಡು ಅಳುತ್ತಿದ್ದಳು. "ನಾನು ಬಾಯಿ ಬಿಡಬಾರದಿತ್ತೇನೋ" ಎಂದಳು. "ಬಿಡದೆ ಇದ್ದಿದ್ರೆ ಉಳಿದಿರೋ ಇಷ್ಟೂ ಹೋಗ್ತಿತ್ತು, ಸುಮ್ನಿರು" ಎಂದು ತಂಗಿಯೇ ಗದರಿ ಸಮಾಧಾನ ಮಾಡಬೇಕಾಯಿತು.

ಸಂಜೆ ಗಂಡ ಬಂದ. ಪಾಳಿ ಬೇಗ ಮುಗಿದ ದಿನಗಳಲ್ಲಿ ಖಾಕಿ ಅಂಗಿಯಲ್ಲೇ ಬಂದು ಗೇಟಿನ ಹತ್ತಿರ ನಿಲ್ಲುವುದು ಆತನ ರೂಢಿ. ಅಲ್ಲಿಂದ ಬಸ್ ಸ್ಟಾಪಿಗೆ ನಡೆದು ಹೋಗುತ್ತಿದ್ದರು. ಮೊದಲ ತಿರುವಿನ ತನಕ ಅವಳು ಬಾಯಿ ಬಿಡಲಿಲ್ಲ. ಅವಳು ಸುಮ್ಮನಿರುವುದೇ ಆತನಿಗೆ ಗಾಬರಿ. "ಏನಾಯ್ತೇ? ಅಕ್ಕನ ಕಣ್ಣು ಚೆನ್ನಾಗಿ ಬಂತು ತಾನೇ?"

"ಅಕ್ಕನ ಕಣ್ಣು ಬಂತು" ಎಂದಳು. ಮಿಕ್ಕದ್ದನ್ನೂ ಹೇಳಿದಳು. ಚಿತ್ರದ ಹೆಂಗಸು, ಬೆರಳು, ಡಾಕ್ಟರಮ್ಮ ಪಕ್ಕದಲ್ಲೇ ನಿಂತಿದ್ದದ್ದು, ಯಂತ್ರ, ಕಪ್ಪು ಹಾಳೆ. "ಎದುರಿಗೆ ಇರೋದು ಕಾಣ್ತದೆ ರೀ. ಪಕ್ಕದ್ದು ಕಾಣಲ್ಲ, ಕೆಳಗಿನದು ಕಾಣಲ್ಲ. ಎಷ್ಟೋ ವರ್ಷದಿಂದ ಕಾಣ್ತಿರ್ಲಿಲ್ಲವಂತೆ. ನನಗೇ ಗೊತ್ತಿಲ್ಲ."

ಆತ ನಿಂತುಬಿಟ್ಟ. ಹಿಂದಿನಿಂದ ಬರುತ್ತಿದ್ದವರು ಡಿಕ್ಕಿ ಹೊಡೆದು, ಗೊಣಗಿಕೊಂಡು ಮುಂದೆ ಹೋದರು. ಆತ ಕದಲಲಿಲ್ಲ. ಅವಳ ಮುಖವನ್ನು ಮೊದಲ ಸಲ ನೋಡುವವನಂತೆ ನೋಡಿದ.

"ಹಂಗಾದ್ರೆ ಕೈ?" ಎಂದ.

"ಯಾವ ಕೈ?"

"ನನ್ನ ಕೈ ಕಣೇ. ರಸ್ತೆ ದಾಟುವಾಗ. ಮದುವೆ ಆದಾಗಿನಿಂದ ರಸ್ತೆ ದಾಟುವಾಗ ನಾನು ಕೈ ಚಾಚೋದು, ನೀನು ಹಿಡ್ಕೊಳ್ಳೋದು. ಆಮೇಲೆ ನೀನು ಹಿಡ್ಕೊಳ್ಳೋದು ಬಿಟ್ಟೆ. ಕೈ ಚಾಚಿದ್ರೆ ಕಾಣದ ಹಾಗೆ ಮುಂದೆ ಹೋಗ್ತಿದ್ದೆ. ಮೊದಮೊದಲು ಏನೋ ಯೋಚನೇಲಿದ್ದಾಳೆ ಅಂದ್ಕೊಂಡೆ. ಆಮೇಲೆ, ಇವಳಿಗೆ ನಾನು ಸಾಕಾಗಿದ್ದೀನಿ ಅಂದ್ಕೊಂಡೆ. ಆದ್ರೂ ಚಾಚ್ತಿದ್ದೆ. ಹೋದ ವರ್ಷ ಬಿಟ್ಟುಬಿಟ್ಟೆ."

ಎಷ್ಟೋ ವರ್ಷದ ಹಿಂದೆಯೇ ಆತ ಕೈ ಚಾಚುವುದನ್ನು ನಿಲ್ಲಿಸಿದ್ದ ಎಂದೇ ಅವಳು ತಿಳಿದಿದ್ದಳು. ವಯಸ್ಸಾಯಿತು, ಗಂಡಸರೇ ಹೀಗೆ, ಕೇಳಿ ಸಣ್ಣವಳಾಗುವುದೇಕೆ ಎಂದು ಒಳಗೊಳಗೇ ನುಂಗಿಕೊಂಡಿದ್ದಳು. ಎಷ್ಟು ರಸ್ತೆ, ಎಷ್ಟು ಸಂಜೆ, ಆ ಕೈ ಅವಳ ಪಕ್ಕದಲ್ಲೇ ಬರುತ್ತಿತ್ತು.

"ನಾನು ನೋಡ್ಲೇ ಇಲ್ಲ ರೀ" ಎಂದಳು. "ದೇವರಾಣೆಗೂ ನೋಡ್ಲೇ ಇಲ್ಲ."

ಅವಳು ಕತ್ತನ್ನು ಪೂರಾ ತಿರುಗಿಸಿ, ತಲೆ ಬಗ್ಗಿಸಿ, ಆತನ ಕೈ ಎಲ್ಲಿದೆ ಎಂದು ಹುಡುಕಿದಳು. ಸೊಂಟದ ಬಳಿ ಇರಲಿಲ್ಲ, ಅಂಗಿಯ ತೋಳಿನ ಜಾಡು ಹಿಡಿದು ಮೆಲ್ಲಗೆ ಮೇಲೆ ನೋಡುತ್ತ ಬಂದಳು. ಆತ ಆ ಕೈಯಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದ.